ಊರ ಪತ್ರಿಕೆಯೂ ಬೊಕ್ಕಸದ ಹಣವೂ

(ಬಾನುಲಿ ಭಾಷಣ)

ಪತ್ರಿಕೆಗೆ ಸರ್ಕಾರದ ಹಣ ಸಲ್ಲಬಹುದೆ ಎಂದು ಕೇಳಿದೊಡನೆಯೇ ಸಲ್ಲದು ಎನ್ನುವವರು ನಮ್ಮಲ್ಲಿ ಬಹುಮಂದಿ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಗಾದೆ ಇದೆಯಷ್ಟೆ; ಜಂತೆ ಎಣಿಸುವುದೇ ಪತ್ರಿಕೆಯ ಕಸುಬಾಗಿರುವಾಗ ಅದು ಆ ಮನೆಯಲ್ಲಿ ಉಣ್ಣಲೇಬಾರದು ಎಂಬುದು ಅವರ ತರ್ಕ. ತರ್ಕದಲ್ಲಿ ಹುರುಳಿಲ್ಲದಿಲ್ಲ. ಆದರೆ ಚರಿತ್ರೆಯನ್ನು ತುಸು ಕೆದಕಿ ನೋಡಿದರೆ, ಕನ್ನಡದ ಸಣ್ಣ ಪತ್ರಿಕೆ ಸಾರ್ವಜನಿಕ ಹಣದ ಸೋಂಕೇ ಇಲ್ಲದೆ ಬದುಕಿದ ಕಾಲ ಬಹಳ ಅಪರೂಪವೆಂದು ಕಾಣುತ್ತದೆ. ಸಹಾಯಧನವೆಂಬ ಹೆಸರಿನಿಂದ ಹಣ ಬರಲಿಲ್ಲ, ಅಷ್ಟೆ. ಅಂಚೆಯ ರಿಯಾಯಿತಿಯಾಗಿ ಬಂತು. ವಾಚನಾಲಯದ ಚಂದಾ ಆಗಿ ಬಂತು. ಕಾಗದದ ಹಂಚಿಕೆಯಾಗಿ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಜಾಹೀರಾತಾಗಿ ಬಂತು. ಆದುದರಿಂದ ಹಣ ಸಲ್ಲಬಹುದೆ ಎಂದು ಕೇಳುವುದಕ್ಕಿಂತ, ಯಾವ ಬಾಗಿಲಿನಿಂದ ಬಂದ ಹಣ ಪತ್ರಿಕೆಯನ್ನು ಏನು ಮಾಡಿತು ಎಂದು ವಿಚಾರಿಸುವುದೇ ಹೆಚ್ಚು ಉಪಯುಕ್ತವಾದೀತು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ಧರಬೆಟ್ಟಕ್ಕೆ ಸಮೀಪದಲ್ಲಿ ತೋವಿನಕೆರೆ ಎಂಬ ಊರಿದೆ. ಉತ್ತರಕ್ಕೆ ಸಾಗಿದರೆ ಮಧುಗಿರಿ, ಅದರಾಚೆಗೆ, ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದಿರುವ ಪಾವಗಡ, ವಾಯವ್ಯಕ್ಕೆ ಶಿರಾ. ಮಳೆಯನ್ನು ನಂಬಿದ, ಮಳೆಯಿಂದ ಮೋಸಹೋದ ಸೀಮೆ ಇದು. ಇಲ್ಲಿಯ ಸುದ್ದಿ ಯಾವುದು? ಕೆರೆಗೆ ನೀರು ಬಂತೆ, ಎಷ್ಟು ಅಡಿಯಲ್ಲಿ ಕೊಳವೆಬಾವಿ ಬತ್ತಿತು, ಪಾವಗಡದ ಕಡೆ ಕುಡಿಯುವ ನೀರಿನಲ್ಲಿ ಫ್ಲೋರೈಡು ಇಳಿಯಿತೆ, ತುಮಕೂರಿನ ಮಾರುಕಟ್ಟೆಯಲ್ಲಿ ಹುಣಸೆಹಣ್ಣಿಗೆ ಏನು ಧಾರಣೆ, ತುಮಕೂರು ರಾಯದುರ್ಗಗಳ ನಡುವಣ ರೈಲುಮಾರ್ಗಕ್ಕೆ ಯಾರ ಹೊಲ ಹೋಯಿತು. ಎತ್ತಿನಹೊಳೆಯ ಯೋಜನೆಗಾಗಿ ಇದೇ ತಾಲ್ಲೂಕಿನ ಭೈರಗೊಂಡ್ಲುವಿನಲ್ಲಿ ಜಲಾಶಯ ಕಟ್ಟಬೇಕೆಂಬ ಯೋಚನೆ ಬಂದಾಗ, ಮುಳುಗುವ ಜಮೀನಿಗೆ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನವರಿಗೆ ಒಂದು ದರ, ಕೊರಟಗೆರೆಯವರಿಗೆ ಇನ್ನೊಂದು ದರವೇ ಎಂಬ ವ್ಯಾಜ್ಯ ಎದ್ದಿತು. ಬೆಂಗಳೂರಿನಲ್ಲಿ ಅಚ್ಚಾಗುವ ದೊಡ್ಡ ಪತ್ರಿಕೆಗೆ ಇದು ಒಂದು ದಿನದ, ಒಂದು ಅಂಕಣದ ವಿಷಯ. ಜಮೀನು ಇರುವವನಿಗೆ ಅದು ಹತ್ತು ವರ್ಷದ ವಿಷಯ. ಹತ್ತು ವರ್ಷವೂ ಅದರ ಬೆನ್ನು ಹತ್ತುವವರು ಯಾರಾದರೂ ಇದ್ದರೆ, ಅವರು ಜಿಲ್ಲೆಯಲ್ಲೇ ಅಚ್ಚಾಗುವ 'ಪ್ರಜಾಪ್ರಗತಿ'ಯಂಥ ದೈನಿಕದಲ್ಲಿಯೋ, ತಾಲ್ಲೂಕಿನ ಯಾವುದೋ ವಾರಪತ್ರಿಕೆಯಲ್ಲಿಯೋ ಇರಬೇಕು.

ಇಂಥ ಪತ್ರಿಕೆಯ ಆಯವ್ಯಯ ಬಹಳ ಸರಳವಾದದ್ದು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ತಾಲ್ಲೂಕು ಕೇಂದ್ರದ ವಾರಪತ್ರಿಕೆಯ ಒಡೆಯ, ಸಂಪಾದಕ, ಕರಡು ತಿದ್ದುವವ, ವಸೂಲಿಗಾರ ಎಲ್ಲ ಒಬ್ಬನೇ. ಒಂದು ಟ್ರೆಡಲ್ ಯಂತ್ರ, ಇಬ್ಬರು ಮೊಳೆ ಜೋಡಿಸುವವರು. ವಾರದಲ್ಲಿ ಐದು ದಿನ ಆ ಯಂತ್ರ ಮದುವೆಯ ಕರೆಯೋಲೆ, ನಾಟಕದ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕಗಳನ್ನು ಅಚ್ಚು ಹಾಕುತ್ತಿತ್ತು. ಉಳಿದ ಎರಡು ದಿನ ಪತ್ರಿಕೆ. ಲಗ್ನಪತ್ರಿಕೆ ವೃತ್ತಪತ್ರಿಕೆಯನ್ನು ಸಾಕುತ್ತಿತ್ತು ಎಂದರೆ ವಿನೋದವಲ್ಲ, ಲೆಕ್ಕ. ಆಫ್‌ಸೆಟ್ ಯಂತ್ರಗಳು ಬಂದು ಕರೆಯೋಲೆಯ ಕೆಲಸ ದೊಡ್ಡ ಊರುಗಳಿಗೆ ಹೊರಟುಹೋದ ಮೇಲೆ ಆ ಆಸರೆ ತಪ್ಪಿತು. ಆಮೇಲೆ ಉಳಿದದ್ದು ಹಬ್ಬದ ಶುಭಾಶಯ ಕೋರುವ ಪುಢಾರಿಗಳ ಜಾಹೀರಾತು. ಸರ್ಕಾರದ ಹಣ ಪತ್ರಿಕೆಯನ್ನು ಕೆಡಿಸೀತೆಂದು ಅಂಜುವವರು, ಯುಗಾದಿಗೂ ದಸರೆಗೂ ಬರುವ ಈ ಭಾವಚಿತ್ರಗಳ ಹಣ ಅದನ್ನು ಕೆಡಿಸಲಾರದೆಂದು ಹೇಗೆ ನಂಬುತ್ತಾರೋ ನನಗೆ ತಿಳಿಯದು. ಊರ ಪ್ರಬಲನ ಹಣಕ್ಕೆ ನಿಯಮವೂ ಇಲ್ಲ, ಲೆಕ್ಕಪರಿಶೋಧನೆಯೂ ಇಲ್ಲ.

ಕನ್ನಡ ಪತ್ರಿಕೆಯ ಬಡತನ ಅದರ ಹುಟ್ಟಿನೊಡನೆಯೇ ಬಂದದ್ದು. ೧೮೪೩ನೆಯ ಇಸವಿ ಜುಲೈ ೧ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪಾಕ್ಷಿಕ. ಅದರ ಹಿಂದೆ ಬಾಸೆಲ್ ಮಿಷನ್ ಇತ್ತು. ಆದರೂ ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ವಲಸೆ ಹೋಗಿ 'ಕನ್ನಡ ಸಮಾಚಾರ'ವೆಂದು ಹೆಸರು ಬದಲಿಸಿ, ಹೆಚ್ಚು ಕಾಲ ಬಾಳದೆ ನಿಂತಿತು. ಅಲ್ಲಿಂದ ಮುಂದೆ ಎಷ್ಟೋ ಪತ್ರಿಕೆಗಳು ಹುಟ್ಟಿದವು, ಹೋದವು. ಆ ಪಟ್ಟಿಯನ್ನು ಇಲ್ಲಿ ಓದಿ ಹೇಳುವ ಅಗತ್ಯವಿಲ್ಲ.

ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಮೈಸೂರು ಸಂಸ್ಥಾನದ ಕಥೆ. ಅಲ್ಲಿ ಪತ್ರಿಕೆಯ ಮೇಲೆ ಸರ್ಕಾರದ ಕೈ ಎಷ್ಟು ಬಲವಾಗಿ ಬೀಳಬಹುದೆಂಬುದು ೧೯೦೮ರಲ್ಲಿ ತಿಳಿಯಿತು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಬಂದ ವೃತ್ತಪತ್ರಿಕೆಗಳ ಕಾಯಿದೆಯ ಪ್ರಕಾರ ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದಾಗಿತ್ತು. ತಾತಯ್ಯನವರೆಂದು ನಾಡು ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇಂಥ ಕಾಯಿದೆಗೆ ತಲೆಬಾಗಿ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಇಲ್ಲಿ ಹಣದ ಮಾತಿಲ್ಲ, ಅಪ್ಪಣೆಯ ಮಾತು. ಆದರೆ ಅಪ್ಪಣೆಗೂ ಹಣಕ್ಕೂ ಒಂದು ಸಮಾನವಾದ ಗುಣವುಂಟು. ಕೊಡುವವನು ತನ್ನ ಇಚ್ಛೆಯಂತೆ ಹಿಂತೆಗೆದುಕೊಳ್ಳಬಹುದಾದರೆ, ಹಿಂತೆಗೆದುಕೊಳ್ಳುವ ದಿನದವರೆಗೆ ಕಾಯಬೇಕಾದದ್ದೇನೂ ಇಲ್ಲ. ಅಂಜಿಕೆ ಅದಕ್ಕೆ ಬಹಳ ಮೊದಲೇ ಕೆಲಸ ಮಾಡಿಬಿಡುತ್ತದೆ.

ಈ ಅಂಜಿಕೆಯನ್ನು ಚೆನ್ನಾಗಿ ಬಲ್ಲವರು ಡಿ. ವಿ. ಗುಂಡಪ್ಪನವರು. ೧೯೧೩ರಲ್ಲಿ 'ಕರ್ನಾಟಕ'ವೆಂಬ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೆರಡು ಬಾರಿ ಹೊರಡಿಸಿದವರು, ೧೯೨೮ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು, 'ವೃತ್ತಪತ್ರಿಕೆ' ಎಂಬ ಹೆಸರಿನಲ್ಲಿ ಈ ವೃತ್ತಿಯ ಮೇಲೆ ಪುಸ್ತಕವನ್ನೇ ಬರೆದವರು ಅವರು. ಸರ್ಕಾರದಿಂದ ತಮಗೆ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಹಾಗೆಯೇ ಇಟ್ಟಿದ್ದರೆಂಬ ಮಾತು ಕನ್ನಡ ನಾಡಿನಲ್ಲಿ ಮನೆಮಾತಾಗಿದೆ. ನೆನೆದಾಗಲೆಲ್ಲ ಕೈಮುಗಿಯಬೇಕೆನಿಸುವ ನಡತೆ. ಆದರೆ ಅದು ಒಬ್ಬ ಮಹನೀಯರ ನಡತೆ. ಅದನ್ನೇ ನಾಡಿನ ನೀತಿಯನ್ನಾಗಿ ಮಾಡುವಂತಿಲ್ಲ. ಶಿರಾದಲ್ಲಿಯೋ ಮಧುಗಿರಿಯಲ್ಲಿಯೋ ಪತ್ರಿಕೆ ನಡೆಸುವವನಿಗೆ ಶನಿವಾರ ಬಂದರೆ ಮೊಳೆ ಜೋಡಿಸುವವನಿಗೆ ಕೂಲಿ ಕೊಡಬೇಕು. ಸಂಪಾದಕ ಉಪವಾಸವಿರಬಹುದು, ತನ್ನ ಸ್ವಾತಂತ್ರ್ಯಕ್ಕಾಗಿ ಕೂಲಿಯವನೂ ಉಪವಾಸವಿರಲಿ ಎನ್ನುವಂತಿಲ್ಲ.

ಇನ್ನು ಆ ಬಾಗಿಲುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಅಂಚೆ. ೧೮೯೮ರ ಭಾರತೀಯ ಅಂಚೆ ಕಚೇರಿ ಅಧಿನಿಯಮದ ಒಂಬತ್ತನೆಯ ಪ್ರಕರಣದಲ್ಲಿ ನೋಂದಾಯಿತ ವೃತ್ತಪತ್ರಿಕೆ ಎಂದರೇನೆಂದು ಹೇಳಿತ್ತು. ಅದರಲ್ಲಿ ಬಹುಭಾಗ ರಾಜಕೀಯ ಅಥವಾ ಇತರ ಸುದ್ದಿ ಇರಬೇಕು. ಒಂದು ಸಂಚಿಕೆಗೂ ಇನ್ನೊಂದಕ್ಕೂ ಮೂವತ್ತೊಂದು ದಿನಕ್ಕಿಂತ ಹೆಚ್ಚು ಅಂತರವಿರಕೂಡದು. ಚಂದಾದಾರರ ನಿಜವಾದ ಪಟ್ಟಿಯೊಂದು ಇರಬೇಕು. ಇಷ್ಟಿದ್ದರೆ ಸಾಕು, ಪತ್ರಿಕೆ ಅಲ್ಪ ಶುಲ್ಕದಲ್ಲಿ ಅಂಚೆಯಲ್ಲಿ ಹೋಗಬಹುದು. ಈ ಶತಮಾನ ಬಂದ ಮೇಲೆಯೂ, ಸಾಮಾನ್ಯ ಲಕೋಟೆಗೆ ೫ ರೂಪಾಯಿ ತೆರಬೇಕಾಗಿದ್ದಾಗ, ೫೦ ಗ್ರಾಮ್ ತೂಕದೊಳಗಿನ ಪತ್ರಿಕೆಯ ಪ್ರತಿಯೊಂದಕ್ಕೆ ೨೫ ಪೈಸೆ ಸಾಕಾಗಿತ್ತು. ಉಳಿದ ವೆಚ್ಚವನ್ನು ಅಂಚೆ ಇಲಾಖೆ, ಎಂದರೆ ನಾವೆಲ್ಲರೂ, ಹೊತ್ತೆವು. ಇದು ಸಹಾಯಧನವಲ್ಲದೆ ಮತ್ತೇನು? ಆದರೂ ಅಂಚೆಯ ರಿಯಾಯಿತಿಗಾಗಿ ಸಂಪಾದಕೀಯದ ಧ್ವನಿ ತಗ್ಗಿಸಿದವರನ್ನು ಯಾರೂ ಕಂಡಂತಿಲ್ಲ. ಕಾರಣ ಸ್ಪಷ್ಟ. ಸರ್ಕಾರವನ್ನು ಹೊಗಳುವ ಪತ್ರಿಕೆಗೂ ೨೫ ಪೈಸೆ, ಬಯ್ಯುವ ಪತ್ರಿಕೆಗೂ ೨೫ ಪೈಸೆ. ಅಂಚೆಯವನು ತೂಕ ನೋಡುತ್ತಾನೆಯೇ ಹೊರತು ಒಳಗೇನು ಬರೆದಿದೆಯೆಂದು ನೋಡುವುದಿಲ್ಲ.

ಅಮೆರಿಕದವರು ಈ ಉಪಾಯವನ್ನು ತಮ್ಮ ಗಣರಾಜ್ಯದ ಶೈಶವದಲ್ಲಿಯೇ ಕಂಡುಕೊಂಡಿದ್ದರು. ೧೭೯೨ರ ಅವರ ಅಂಚೆ ಶಾಸನದಲ್ಲಿ ಪತ್ರಿಕೆ ನೂರು ಮೈಲಿಯವರೆಗೆ ಒಂದು ಸೆಂಟಿಗೆ ಹೋಗುತ್ತಿತ್ತು, ಅದಕ್ಕೂ ದೂರ ಹೋದರೆ ಒಂದೂವರೆ ಸೆಂಟು. ಕಾಗದಕ್ಕಾದರೋ ದೂರವನ್ನು ನೋಡಿಕೊಂಡು ಆರರಿಂದ ಇಪ್ಪತ್ತೈದು ಸೆಂಟು. ಒಬ್ಬ ಸಂಪಾದಕ ಇನ್ನೊಬ್ಬ ಸಂಪಾದಕನಿಗೆ ಕಳುಹಿಸುವ ಪ್ರತಿಗೆ ಶುಲ್ಕವೇ ಇರಲಿಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಪತ್ರಿಕೆಗಳು ಹುಟ್ಟಿದ್ದು ಹೀಗೆ.

ಎರಡನೆಯ ಬಾಗಿಲು ವಾಚನಾಲಯ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ೧೯೬೫ರದು; ಅದರ ಹಿಂದೆ ಬೆಂಗಳೂರಿನಲ್ಲಿ ನೆಲೆಸಿದ್ದ ಎಸ್. ಆರ್. ರಂಗನಾಥನ್ ಅವರ ಪರಿಶ್ರಮವಿತ್ತು. ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡಿ ಆ ಹಣದಿಂದ ಪುಸ್ತಕ ಪತ್ರಿಕೆಗಳನ್ನು ಕೊಳ್ಳುವ ಏರ್ಪಾಡು ಅದರದು. ಎಷ್ಟೋ ನಗರಸಂಸ್ಥೆಗಳು ಜನರಿಂದ ವಸೂಲಾದ ಕರವನ್ನು ಗ್ರಂಥಾಲಯಕ್ಕೆ ಕಟ್ಟದೆ ವರ್ಷಗಟ್ಟಲೆ ಉಳಿಸಿಕೊಂಡವು. ಅದು ಬೇರೆಯೇ ಒಂದು ಪುರಾಣ. ಆದರೆ ಉಪಾಯ ಒಳ್ಳೆಯದು. ಹಳ್ಳಿಯ ವಾಚನಾಲಯಕ್ಕೆ ಒಂದು ಪತ್ರಿಕೆ ಬಂದರೆ ಇಪ್ಪತ್ತು ಜನ ಓದುತ್ತಾರೆ, ಓದಲು ಬಾರದ ಹತ್ತು ಜನ ಕೇಳುತ್ತಾರೆ. ೨೦೧೯ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಅಲ್ಲಿ ಪತ್ರಿಕೆಗೆಂದು ಸಿಗುವ ಹಣ ಅಲ್ಪ. ಆ ಅಲ್ಪದಲ್ಲಿ ಬೆಂಗಳೂರಿನ ದೈನಿಕಗಳಿಗೆ ಮೊದಲ ಮಣೆ. ಊರಿನ ಸುದ್ದಿ ಬರೆಯುವ ಪತ್ರಿಕೆಗೆ ಊರಿನ ವಾಚನಾಲಯದಲ್ಲಿಯೇ ಜಾಗವಿಲ್ಲದ ಸ್ಥಿತಿ ಎಷ್ಟೋ ಕಡೆ ಇದೆ.

ಸರ್ಕಾರ ತಾನೇ ನಡೆಸುವ ಪತ್ರಿಕೆಗಳೂ ಉಂಟು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗೆಂದು ಹೊರಡಿಸುತ್ತಿದ್ದ 'ಬೆಳಕು' ವಾರಪತ್ರಿಕೆ ಹಳ್ಳಿಗಳಲ್ಲಿ ಒಳ್ಳೆಯ ಕೆಲಸ ಮಾಡಿತು. ವಾರ್ತಾ ಇಲಾಖೆಯ 'ಜನಪದ'ವೂ ಇದೆ. ಅವುಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ಬೇಡ. ಪಂಚಾಯಿತಿಯ ಹುಣಸೆಮರಗಳ ಹರಾಜಿನಲ್ಲಿ ಏನು ನಡೆಯಿತೆಂದು ಅವು ಬರೆಯುವಂತಿಲ್ಲ.

ಮೂರನೆಯ ಬಾಗಿಲಿನ ಕಥೆ ಉದ್ದವಾದದ್ದು; ದೆಹಲಿಯಲ್ಲಿ ಆರಂಭವಾಗುತ್ತದೆ. ೧೯೫೨ರಲ್ಲಿ ನೇಮಕವಾದ ಪ್ರಥಮ ಪತ್ರಿಕಾ ಆಯೋಗ ೧೯೫೪ರಲ್ಲಿ ವರದಿ ಕೊಟ್ಟಿತು. ಆಗ ಇಡೀ ದೇಶದಲ್ಲಿದ್ದ ದೈನಿಕಗಳು ೩೩೦. ಎಲ್ಲ ಸೇರಿ ಪ್ರಸಾರ ೨೫ ಲಕ್ಷ. ದೊಡ್ಡ ಪತ್ರಿಕೆ ಜಾಹೀರಾತಿನ ಬಲದಿಂದ ಪುಟ ಹೆಚ್ಚಿಸಿ, ಬೆಲೆ ಇಳಿಸಿ, ಸಣ್ಣ ಪತ್ರಿಕೆಯನ್ನು ನುಂಗುತ್ತಿದೆಯೆಂದು ಆಯೋಗ ಕಂಡಿತು. ಇಷ್ಟು ಪುಟಕ್ಕೆ ಇಷ್ಟು ಬೆಲೆಗೆ ಕಡಿಮೆ ಇರಕೂಡದೆಂದು ಗೊತ್ತುಮಾಡಿದರೆ ಸಣ್ಣವನು ಉಳಿದಾನು ಎಂಬುದು ಅದರ ಸಲಹೆ. ೧೯೫೬ರಲ್ಲಿ ಶಾಸನವಾಯಿತು, ೧೯೬೦ರಲ್ಲಿ ಆಜ್ಞೆ ಹೊರಟಿತು. ಬೊಕ್ಕಸದಿಂದ ಒಂದು ಕಾಸೂ ಖರ್ಚಾಗದ ಸಹಾಯ ಅದು. ಪುಣೆಯ 'ಸಕಾಳ' ಪತ್ರಿಕೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಪುಟವನ್ನೂ ಬೆಲೆಯನ್ನೂ ಸರ್ಕಾರ ಕಟ್ಟುಮಾಡಿದರೆ ಓದುಗರ ಸಂಖ್ಯೆಯೂ ಹೇಳಬಹುದಾದ ವಿಷಯವೂ ಕುಗ್ಗುತ್ತವೆ, ಅದು ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ನ್ಯಾಯಾಲಯ ೧೯೬೧ರಲ್ಲಿ ಅದನ್ನು ತಳ್ಳಿಹಾಕಿತು. ತೀರ್ಪನ್ನು ಓದಿದರೆ ತಪ್ಪು ಹೇಳುವುದು ಕಷ್ಟ. ಆದರೂ ಆ ದಿನ ಸ್ವಾತಂತ್ರ್ಯ ಗೆದ್ದದ್ದು ಯಾರದು ಎಂದು ಜಿಲ್ಲೆಯ ಪತ್ರಿಕೆಯವರು ಕೇಳಿಕೊಂಡಿದ್ದರೆ ಅದೂ ಸಹಜವೇ.

ಆಮೇಲೆ ಬಂದದ್ದು, ಕನ್ನಡಿಗರಾದ ನಾವು ಮರೆಯಬಾರದ ಒಂದು ಸಮಿತಿ. ಸಣ್ಣ ಪತ್ರಿಕೆಗಳ ಸ್ಥಿತಿಗತಿಯನ್ನು ವಿಚಾರಿಸಲೆಂದು ೧೯೬೪ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರು ನಮ್ಮ ರಂಗನಾಥ ದಿವಾಕರರು. ೧೯೨೧ರಲ್ಲಿ ಧಾರವಾಡದಲ್ಲಿ 'ಕರ್ಮವೀರ'ವನ್ನು ಆರಂಭಿಸಿದವರು, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆ ಕಂಡವರು, ಸ್ವತಂತ್ರ ಭಾರತದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾಗಿದ್ದವರು. ಪತ್ರಿಕೆಯ ಮೇಜಿನ ಎರಡು ಬದಿಯನ್ನೂ ಬಲ್ಲ ಇಂಥವರು ಆ ಸಮಿತಿಗೆ ಸಿಕ್ಕಿದ್ದು ಸಣ್ಣ ಪತ್ರಿಕೆಗಳ ಪುಣ್ಯ. ೧೯೬೫ರ ಅವರ ವರದಿಯ ಸುತ್ತಿನ ಚರ್ಚೆಗಳಲ್ಲಿ ಒಂದು ವಿಚಾರ ಮುನ್ನೆಲೆಗೆ ಬಂತು. ಕೈಗಾರಿಕೆಗೆ ಸಾಲ ಕೊಡುವ ನಿಗಮವಿರುವಂತೆ ಪತ್ರಿಕೆಗೂ ಒಂದು ಹಣಕಾಸು ನಿಗಮವಿರಲಿ. ಯಂತ್ರ ಕೊಳ್ಳಲು, ಮೊಳೆ ಕೊಳ್ಳಲು ಅದು ಹದವಾದ ಬಡ್ಡಿಗೆ ಸಾಲ ಕೊಡಲಿ. ದಾನವಲ್ಲ, ಸಾಲ, ಮಂತ್ರಿಯ ಕೈಯಿಂದಲ್ಲ, ನಿಗಮದಿಂದ. ೧೯೭೦ರಲ್ಲಿ ಮಸೂದೆ ಸಂಸತ್ತಿನ ಮುಂದೆ ಬಂದದ್ದೂ ಉಂಟು. ಅದು ಶಾಸನವಾಗಲಿಲ್ಲ. ೧೯೮೨ರಲ್ಲಿ ಎರಡನೆಯ ಪತ್ರಿಕಾ ಆಯೋಗ ಸಣ್ಣ ಪತ್ರಿಕೆಗಳ ಏಳಿಗೆಗಾಗಿ ಪತ್ರಿಕಾ ಅಭಿವೃದ್ಧಿ ಆಯೋಗವೊಂದು ಬೇಕೆಂದಿತು. ಅದೂ ಆಗಲಿಲ್ಲ.

ಆದದ್ದೇನೆಂದರೆ ಕಾಗದದ ಹಂಚಿಕೆ. ವೃತ್ತಪತ್ರಿಕೆಯ ಕಾಗದ ಬಹುಪಾಲು ಹೊರದೇಶದಿಂದ ಬರಬೇಕಾಗಿದ್ದ ಕಾಲದಲ್ಲಿ ಯಾರಿಗೆ ಎಷ್ಟೆಂದು ಸರ್ಕಾರ ಅಳೆದು ಕೊಡುತ್ತಿತ್ತು. ೧೯೭೨ರಲ್ಲಿ ಹತ್ತು ಪುಟದ ಮಿತಿಯನ್ನು ನ್ಯಾಯಾಲಯ ರದ್ದುಮಾಡಿದರೂ ಹಂಚಿಕೆ ಉಳಿಯಿತು. ಪ್ರಸಾರ ಹೆಚ್ಚೆಂದು ತೋರಿಸಿದವನಿಗೆ ಕಾಗದ ಹೆಚ್ಚು. ಹೆಚ್ಚಿನ ಕಾಗದವನ್ನು ಕಾಳಸಂತೆಯಲ್ಲಿ ಮಾರಿದರೆ ಪತ್ರಿಕೆ ಮಾರುವುದಕ್ಕಿಂತ ಲಾಭ. ಹೀಗೆ ಅಚ್ಚಾಗದ ಪತ್ರಿಕೆಗಳು ಹೆಚ್ಚು ಕಾಗದ ತಿಂದವು. ನಮ್ಮ ಭದ್ರಾವತಿಯಲ್ಲಿ ೧೯೩೬ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ ೧೯೮೦ರ ದಶಕದಲ್ಲಿ ವೃತ್ತಪತ್ರಿಕೆಯ ಕಾಗದವನ್ನೂ ತಯಾರಿಸತೊಡಗಿ, ಸಣ್ಣ ಪತ್ರಿಕೆಗಳಿಗೆ ನೆಲದ ಕಾಗದ ಸಿಗುವಂತಾಯಿತು. ೨೦೧೫ರ ಹೊತ್ತಿಗೆ ಆ ಕಾರ್ಖಾನೆಯೂ ನಿಂತುಹೋಯಿತು.

ಕೊನೆಯ ಬಾಗಿಲೇ ಹೆಬ್ಬಾಗಿಲು: ಜಾಹೀರಾತು. ಕೇಂದ್ರದಲ್ಲಿ ೧೯೫೫ರಿಂದ ಇದಕ್ಕೊಂದು ನಿರ್ದೇಶನಾಲಯವೇ ಏರ್ಪಟ್ಟಿತು. ರಾಜ್ಯದಲ್ಲಿ ವಾರ್ತಾ ಇಲಾಖೆ ಪಟ್ಟಿ ಇಟ್ಟುಕೊಂಡು ಜಾಹೀರಾತು ಹಂಚುತ್ತದೆ. ಟೆಂಡರು, ಹರಾಜು, ನೇಮಕಾತಿ, ಮಂತ್ರಿಗಳು ಅಡಿಗಲ್ಲಿಡುವ ಸಮಾರಂಭ ಎಲ್ಲವೂ ಪತ್ರಿಕೆಗೆ ಅನ್ನ. ದಿನಕ್ಕೆ ೨೫ ಸಾವಿರ ಪ್ರತಿಗಳವರೆಗೆ ಪ್ರಸಾರವಿರುವ ಪತ್ರಿಕೆ ಕೇಂದ್ರದ ಲೆಕ್ಕದಲ್ಲಿ ಸಣ್ಣದು. ಆ ಲೆಕ್ಕದಲ್ಲಿ ಮಧುಗಿರಿಯ ವಾರಪತ್ರಿಕೆ ಸಣ್ಣದೂ ಅಲ್ಲ, ಅಣು. ರಾಜ್ಯದಲ್ಲಿ ಜಿಲ್ಲಾ ಪತ್ರಿಕೆಗಳಿಗೆ ಸರದಿಯ ಮೇಲೆ ಜಾಹೀರಾತು ಕೊಡುವ ಪದ್ಧತಿಯೂ, ಪರಿಶಿಷ್ಟರು ನಡೆಸುವ ಪತ್ರಿಕೆಗಳಿಗೆ ಹೆಚ್ಚಿನ ಪಾಲು ಕೊಡುವ ಪದ್ಧತಿಯೂ ಬಂದವು. ಇವು ಒಳ್ಳೆಯ ಹೆಜ್ಜೆಗಳೇ. ಸರದಿ ಎಂಬುದು ಅಂಚೆಯವನ ತಕ್ಕಡಿಗೆ ಹತ್ತಿರದ ಬಂಧು.

ಆದರೆ ಹೆಬ್ಬಾಗಿಲಿಗೆ ಒಬ್ಬ ದ್ವಾರಪಾಲಕ ಇದ್ದೇ ಇರುತ್ತಾನೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೫ರಿಂದ ೧೯೭೭ರವರೆಗೆ, ಪತ್ರಿಕೆಗಳನ್ನು ಸ್ನೇಹಿ, ತಟಸ್ಥ, ವಿರೋಧಿ ಎಂದು ಮೂರಾಗಿ ವಿಂಗಡಿಸಿ ಜಾಹೀರಾತು ಕೊಡುವುದೂ ಬಿಡುವುದೂ ನಡೆಯಿತೆಂದು ಆಮೇಲಿನ ಶ್ವೇತಪತ್ರ ಹೊರಗೆಡಹಿತು. ಯಾವ ಕಾನೂನನ್ನೂ ಮುರಿಯಬೇಕಾಗಿರಲಿಲ್ಲ. ಪಟ್ಟಿಯ ಎದುರಿಗೆ ಒಂದು ಅಕ್ಷರ ಬರೆದರೆ ಸಾಕಾಗಿತ್ತು. ಅಂಥ ಘೋರ ಕಾಲವಿಲ್ಲದಿರುವಾಗಲೂ ಇದೇ ಯಂತ್ರ ನಿಧಾನವಾಗಿ ತಿರುಗುತ್ತಿರುತ್ತದೆ. ಅಚ್ಚಾದ ಜಾಹೀರಾತಿನ ಬಿಲ್ಲು ಪಾವತಿಯಾಗುವುದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಯಾರೂ ಬೆದರಿಸುವುದಿಲ್ಲ, ಕಡತ ಮಾತ್ರ ಮೇಜಿನಿಂದ ಮೇಜಿಗೆ ಹೋಗಲು ಕಾಲೆಳೆಯುತ್ತದೆ. ದೊಡ್ಡ ಪತ್ರಿಕೆ ಕಾಯಬಲ್ಲದು. ಸಣ್ಣವನು ಕಡತದ ಹಿಂದೆ ಹೋಗಿ ನಿಲ್ಲುತ್ತಾನೆ, ನಿಂತವನು ನಗುತ್ತಾನೆ, ನಕ್ಕವನು ಮರುದಿನ ಅದೇ ಕಚೇರಿಯ ಬಗೆಗೆ ಏನು ಬರೆದಾನು? ಇನ್ನೊಂದು ಕಡೆ, ಜಾಹೀರಾತಿಗಾಗಿಯೇ ಹುಟ್ಟಿದ ಪತ್ರಿಕೆಗಳೂ ಬೆಳೆದವು. ಕಚೇರಿಗೆ ತೋರಿಸುವಷ್ಟೇ ಪ್ರತಿ ಅಚ್ಚಾಗುವ, ಓದುಗನನ್ನು ಕಾಣದ ಪತ್ರಿಕೆಗಳು ಇವು. ಪ್ರಾಮಾಣಿಕವಾಗಿ ಐನೂರು ಪ್ರತಿ ಮಾರುವವನೂ, ಐವತ್ತು ಅಚ್ಚು ಹಾಕಿ ಐದು ಸಾವಿರವೆನ್ನುವವನೂ ಒಂದೇ ಸರದಿಯಲ್ಲಿ ನಿಲ್ಲುತ್ತಾರೆ. ಸಣ್ಣ ಪತ್ರಿಕೆಯೆಂದೊಡನೆ ಪಟ್ಟಣದ ಓದುಗರು ಮೂಗು ಮುರಿಯುವುದಕ್ಕೆ ಕಾರಣ ಈ ಎರಡನೆಯವನು. ಅದರ ಏಟು ಬೀಳುವುದು ಮೊದಲನೆಯವನಿಗೆ.

ಹಾಗಾದರೆ ಜಾಹೀರಾತನ್ನೇ ನಿಲ್ಲಿಸಿಬಿಡೋಣವೆ? ನಿಲ್ಲಿಸಲಾಗದು, ಏಕೆಂದರೆ ಅದರಲ್ಲಿ ಒಂದು ಭಾಗ ಉಪಕಾರವಲ್ಲ, ಕಾನೂನಿನ ಕಟ್ಟಳೆ. ನ್ಯಾಯಾಲಯದ ಸಮನ್ಸನ್ನು ಪ್ರತಿವಾದಿಗೆ ಮುಟ್ಟಿಸಲಾಗದೆ ಪತ್ರಿಕೆಯಲ್ಲಿ ಪ್ರಕಟಿಸಬೇಕಾದರೆ, ಅವನು ಕಡೆಯದಾಗಿ ವಾಸವಿದ್ದ ಅಥವಾ ದುಡಿಯುತ್ತಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದೈನಿಕದಲ್ಲೇ ಪ್ರಕಟಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಗೆ ೧೯೭೬ರಲ್ಲಿ ತಿದ್ದುಪಡಿ ಬಂತು. ಭೂಮಿಯನ್ನು ವಶಪಡಿಸಿಕೊಳ್ಳುವ ಶಾಸನಕ್ಕೆ ೧೯೮೪ರಲ್ಲಿ ಬಂದ ತಿದ್ದುಪಡಿಯೂ, ೨೦೧೩ರ ಹೊಸ ಶಾಸನವೂ ಇದನ್ನೇ ಹೇಳುತ್ತವೆ: ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದೈನಿಕಗಳಲ್ಲಿ ಪ್ರಕಟಣೆಯಾಗಬೇಕು, ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದಾಗಿರಬೇಕು. ನೋಡಿ, ಶಾಸನ ಮಾಡಿದವರು ಪ್ರತಿಯೊಂದು ಪ್ರದೇಶದಲ್ಲಿಯೂ ಜನ ಓದುವ ಪತ್ರಿಕೆಯೊಂದು ಇದೆಯೆಂದೇ ಭಾವಿಸಿದ್ದಾರೆ. ಇಲ್ಲದಿದ್ದರೆ ಏನು ಗತಿ ಎಂದು ಅವರು ಬರೆದಿಲ್ಲ.

ಪರದೇಶದ ಉದಾಹರಣೆ ಬೇಕೆನ್ನುವವರು ನಾರ್ವೆ ಸ್ವೀಡನ್‌ಗಳನ್ನು ನೋಡಬಹುದು. ನಾರ್ವೆ ೧೯೬೯ರಲ್ಲಿ, ಸ್ವೀಡನ್ ೧೯೭೧ರಲ್ಲಿ ಪತ್ರಿಕೆಗಳಿಗೆ ನೇರವಾಗಿಯೇ ಧನಸಹಾಯ ಕೊಡತೊಡಗಿದವು. ಅಲ್ಲಿಯ ಜಾಣತನವಿದ್ದದ್ದು ಸೂತ್ರದಲ್ಲಿ. ಒಂದು ಊರಿನಲ್ಲಿ ಎರಡನೆಯ ಸ್ಥಾನದಲ್ಲಿರುವ ಪತ್ರಿಕೆ, ಇಷ್ಟು ಚಂದಾದಾರರು, ಇಷ್ಟು ಸಂಚಿಕೆ ಎಂದು ಲೆಕ್ಕ ಹಾಕಿದರೆ ಹಣ ತಾನಾಗಿ ಬರುತ್ತಿತ್ತು. ಮಂತ್ರಿ ಯಾವ ಪಕ್ಷದವನಾದರೂ ಲೆಕ್ಕ ಬದಲಾಗುತ್ತಿರಲಿಲ್ಲ. ಸರ್ಕಾರವನ್ನು ದಿನವೂ ಟೀಕಿಸುತ್ತಿದ್ದ ಪತ್ರಿಕೆಗಳು ಅದೇ ಸರ್ಕಾರದ ಹಣದಿಂದ ಉಳಿದವು. ಆ ದೇಶಗಳು ಸಿರಿವಂತ ದೇಶಗಳು, ಅಲ್ಲಿ ಎಲ್ಲರೂ ಓದು ಬಲ್ಲವರು, ನಿಜ. ಆದರೆ ಸೂತ್ರಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು. ನಮ್ಮ ಅಂಚೆ ಶಾಸನದಲ್ಲಿದ್ದ 'ಚಂದಾದಾರರ ನಿಜವಾದ ಪಟ್ಟಿ' ಎಂಬ ಮೂರು ಮಾತಿನಲ್ಲಿ ಸ್ವೀಡನ್ನಿನವರ ಸೂತ್ರದ ತಿರುಳೆಲ್ಲ ಅಡಗಿತ್ತು. ೧೮೯೮ರ ಆ ಅಧಿನಿಯಮ ಈಗ ಇಲ್ಲ. ೨೦೨೩ರಲ್ಲಿ ಹೊಸದು ಬಂದು ೨೦೨೪ರ ಜೂನ್‌ನಿಂದ ಜಾರಿಯಲ್ಲಿದೆ. ಹಳೆಯ ಆ ಪ್ರಕರಣ ಹೊಸ ಅಧಿನಿಯಮದ ಪುಟದಲ್ಲಿಲ್ಲ.

ಈಚೆಗೆ ಕಷ್ಟ ಹೆಚ್ಚಿದೆ. ೨೦೨೦ರ ಸೋಂಕಿನ ಕಾಲದಲ್ಲಿ ಬಸ್ಸು ನಿಂತು ಪತ್ರಿಕೆಯ ಕಟ್ಟು ಹಳ್ಳಿಗೆ ಹೋಗಲಿಲ್ಲ, ಅಂಗಡಿ ಮುಚ್ಚಿ ಜಾಹೀರಾತು ಬರಲಿಲ್ಲ, ವಾಚನಾಲಯ ಬೀಗ ಹಾಕಿತು. ಆಗ ನಿಂತ ಪತ್ರಿಕೆಗಳಲ್ಲಿ ಎಲ್ಲವೂ ಮತ್ತೆ ಏಳಲಿಲ್ಲ. ಓದುಗರು ಕೈಯಲ್ಲಿನ ದೂರವಾಣಿಯಲ್ಲಿ ಸುದ್ದಿ ನೋಡುತ್ತಾರೆ. ಅಲ್ಲಿ ಲೋಕದ ಸುದ್ದಿಯೆಲ್ಲ ಬರುತ್ತದೆ; ತಾಲ್ಲೂಕು ಕಚೇರಿಯಲ್ಲಿ ನಿನ್ನೆ ಏನಾಯಿತೆಂಬುದು, ಅಲ್ಲಿ ಹೋಗಿ ಕುಳಿತು ಬರೆಯುವವನೊಬ್ಬನಿಲ್ಲದೆ, ಎಲ್ಲಿಂದಲೂ ಬರುವುದಿಲ್ಲ. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸಿನಂಥ ಸೌಕರ್ಯ ಬಂದಿದೆ. ಬಸ್ಸು ಹತ್ತುವವನಿಗೆ ಸಂಬಳ ಕೊಡುವ ಪತ್ರಿಕೆ ಉಳಿದಿದ್ದರೆ ಅದು ಉಪಯೋಗಕ್ಕೆ ಬಂದೀತು.

ತುಮಕೂರು ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿಗಳು ಮುನ್ನೂರಕ್ಕೂ ಹೆಚ್ಚು. ಪ್ರತಿಯೊಂದರ ಅರಿವು ಕೇಂದ್ರವೂ ಜಿಲ್ಲೆಯದೊಂದು ದೈನಿಕ, ತಾಲ್ಲೂಕಿನದೊಂದು ವಾರಪತ್ರಿಕೆಯನ್ನು, ಯಾವುದೆಂದು ಅಲ್ಲಿಯ ಓದುಗರೇ ಆರಿಸಿ, ವರ್ಷದ ಚಂದಾ ಮುಂಗಡವಾಗಿ ಕೊಟ್ಟು ತರಿಸಿಕೊಳ್ಳುವಂತಾದರೆ, ಜಿಲ್ಲೆಯ ದೈನಿಕಕ್ಕೆ ಅದು ಮುನ್ನೂರು ಖಚಿತ ಪ್ರತಿಗಳು. ಪಟ್ಟಣದವರಿಗೆ ಇದು ಸಣ್ಣ ಸಂಖ್ಯೆಯೆನಿಸಬಹುದು. ಬಾಕಿ ವಸೂಲಿಗಾಗಿ ಊರೂರು ಅಲೆದ ಸಂಪಾದಕನನ್ನು ಕೇಳಿದರೆ ಅದರ ತೂಕ ಗೊತ್ತಾದೀತು. ಜಾಹೀರಾತನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಕೊರಟಗೆರೆ ತಾಲ್ಲೂಕಿನ ಜಮೀನಿನ ಪ್ರಕಟಣೆ ಕೊರಟಗೆರೆ ತಾಲ್ಲೂಕಿನ ಎಷ್ಟು ಮನೆ, ಎಷ್ಟು ವಾಚನಾಲಯಗಳಿಗೆ ಮುಟ್ಟುವ ಪತ್ರಿಕೆಯಲ್ಲಿ ಬಂತು ಎಂದು ಪ್ರಕಟಣೆ ಕೊಡುವ ಅಧಿಕಾರಿ ಕಡತದಲ್ಲಿ ಬರೆಯಬೇಕಾಗಿ ಬಂದರೆ, ಐವತ್ತು ಪ್ರತಿಯವನು ಸರದಿಯಿಂದ ತಾನಾಗಿಯೇ ಸರಿಯುತ್ತಾನೆ. ಈಗ ಕಡತದಲ್ಲಿ ಇರುವುದು ಪತ್ರಿಕೆಯ ಹೆಸರು, ದಿನಾಂಕ, ಕತ್ತರಿಸಿ ಅಂಟಿಸಿದ ಒಂದು ತುಂಡು. ಆ ತುಂಡಿನಲ್ಲಿ ಸರ್ವೆ ನಂಬರು ಸರಿಯಾಗಿರುತ್ತದೆ, ಖಾತೆದಾರನ ಹೆಸರೂ ಸರಿಯಾಗಿರುತ್ತದೆ, ಆಕ್ಷೇಪಣೆ ಸಲ್ಲಿಸಲು ಇರುವ ಅವಧಿಯೂ ಸರಿಯಾಗಿರುತ್ತದೆ. ಅದು ಅಚ್ಚಾದ ಪತ್ರಿಕೆಯ ಒಂದು ಪ್ರತಿಯಾದರೂ ಆ ಅವಧಿಯೊಳಗೆ ತೋವಿನಕೆರೆಗೆ ಬಂದಿತ್ತೆ ಎಂಬುದನ್ನು ಬರೆಯಲು ಮಾತ್ರ ಆ ಹಾಳೆಯಲ್ಲಿ ಅಂಕಣವಿಲ್ಲ.